ರೇಡಿಯೊ ಸ್ವಯಂಚಾಲನ ತಂತ್ರಾಂಶ: ಕಾರ್ಯಕ್ರಮ ಮತ್ತು ಜಾಹೀರಾತುಗಳ ನಿಗದಿ

ರೇಡಿಯೊ ಸ್ವಯಂಚಾಲನ ತಂತ್ರಾಂಶವು ಹಾಡು, ಜಾಹೀರಾತು, ಜಿಂಗಲ್ ಮತ್ತು ಧ್ವನಿಮುದ್ರಿತ ಕಾರ್ಯಕ್ರಮಗಳನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸಿಟ್ಟುಕೊಂಡು, ಮೊದಲೇ ಸಿದ್ಧಪಡಿಸಿದ ಪಟ್ಟಿಯಂತೆ ಒಂದರ ಹಿಂದೊಂದು ಪ್ರಸಾರ ಮಾಡುವ ವ್ಯವಸ್ಥೆ. ಈ ಪಟ್ಟಿಗೆ ಲಾಗ್ ಎಂದು ಹೆಸರು. ನಿರೂಪಕರಿಲ್ಲದ ರಾತ್ರಿ ಪಾಳಿಯಲ್ಲಿ ಲಾಗ್ ತಾನಾಗಿ ಓಡುತ್ತದೆ; ನಿರೂಪಕರು ಇದ್ದಾಗ ಅವರ ಮಾತು ಮುಗಿಯುವವರೆಗೆ ಕಾಯುತ್ತದೆ. ಹಾಡು ನುಡಿಸುವುದು ಇಲ್ಲಿ ಸುಲಭದ ಕೆಲಸ. ಗಡಿಯಾರಕ್ಕೆ ಕಟ್ಟುಬಿದ್ದ ಸುದ್ದಿ ಮತ್ತು ಜಾಹೀರಾತುಗಳನ್ನು, ಒಂದೊಂದೂ ಒಂದೊಂದು ಅಳತೆಯ ಹಾಡುಗಳ ನಡುವೆ ಕೂರಿಸುವುದೇ ತೊಡಕಿನದು.

ಹಿನ್ನೆಲೆ

ಕೇಂದ್ರಗಳಿಗೆ ಕಂಪ್ಯೂಟರ್ ಕಾಲಿಡುವ ಮೊದಲೇ ಸ್ವಯಂಚಾಲನೆ ಇತ್ತು. ಅಮೆರಿಕದ ಪಾಲ್ ಶೇಫರ್ 1950ರ ದಶಕದಲ್ಲಿ ರೂಪಿಸಿದ ಯಂತ್ರವನ್ನು ಈ ಬಗೆಯ ಮೊದಲ ಯಂತ್ರಗಳಲ್ಲಿ ಒಂದೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಮುಂದೆ ಬಂದ ವ್ಯವಸ್ಥೆಗಳಲ್ಲಿ ಹಾಡಿನ ಟೇಪಿನ ಮೇಲೆ, ಪ್ರತಿ ಹಾಡಿನ ಕೊನೆಗೆ 25 ಹರ್ಟ್ಸ್‌ನ ಮಂದ್ರ ಸ್ವರವೊಂದನ್ನು ಮುದ್ರಿಸುತ್ತಿದ್ದರು. ಕೇಳುಗರಿಗೆ ಅದು ತಲುಪುತ್ತಿರಲಿಲ್ಲ. ಯಂತ್ರಕ್ಕೆ ಮಾತ್ರ ಮುಂದಿನ ಟೇಪನ್ನು ಶುರುಮಾಡುವ ಸನ್ನೆಯಾಗುತ್ತಿತ್ತು. 1950ರ ದಶಕದ ಕೊನೆಗೆ ಬಂದ ಕಾರ್ಟ್ ಎಂಬ ಟೇಪ್ ಡಬ್ಬಿಯಲ್ಲಿ ಸುರುಳಿಗೆ ಕೊನೆಯೇ ಇರಲಿಲ್ಲ. ಜಾಹೀರಾತು ಮುಗಿದ ಮೇಲೂ ಟೇಪು ಸುತ್ತಿ, ಆರಂಭದಲ್ಲಿ ಮುದ್ರಿಸಿದ 1000 ಹರ್ಟ್ಸ್ ಸ್ವರ ಸಿಕ್ಕೊಡನೆ ನಿಂತು, ಮುಂದಿನ ಸರದಿಗೆ ಸಿದ್ಧವಾಗುತ್ತಿತ್ತು. ಡಬ್ಬಿ ಮರೆಯಾದರೂ ಹೆಸರು ಉಳಿಯಿತು: ಇಂದಿನ ಎಷ್ಟೋ ತಂತ್ರಾಂಶಗಳಲ್ಲಿ ಧ್ವನಿಕಡತವನ್ನು ಇಟ್ಟ ಜಾಗಕ್ಕೆ ಕಾರ್ಟ್ ಎಂದೇ ಹೇಳುತ್ತಾರೆ.

ಹಾಡುಗಳ ಸರದಿಯನ್ನು ಕಂಪ್ಯೂಟರಿಗೆ ಒಪ್ಪಿಸಿದ ಸೆಲೆಕ್ಟರ್ ಎಂಬ ತಂತ್ರಾಂಶ 1979ರದು. ಅದನ್ನು ಆರ್‌ಸಿಎಸ್ ಸಂಸ್ಥೆಯ ಆಂಡ್ರ್ಯೂ ಇಕಾನಮೋಸ್ ರೂಪಿಸಿದರು.

ಲಾಗ್ ಸಿದ್ಧವಾಗುವ ಬಗೆ

ಅಮೆರಿಕದ ಸೇಲಂ ರೇಡಿಯೊ ಲ್ಯಾಬ್ಸ್‌ನಲ್ಲಿ 2002ರಲ್ಲಿ ಮೊದಲಾದ ರಿವೆಂಡೆಲ್ ಎಂಬ ಮುಕ್ತ ತಂತ್ರಾಂಶವನ್ನು ಇಲ್ಲಿ ಮಾದರಿಯಾಗಿ ತೆಗೆದುಕೊಳ್ಳಬಹುದು. ಇದು ಲಿನಕ್ಸ್ ಮೇಲೆ ಓಡುತ್ತದೆ. ಇದರಲ್ಲಿ ಸುದ್ದಿ, ಹಾಡಿನ ಗುಚ್ಛ, ಜಾಹೀರಾತು ವಿರಾಮ ಇತ್ಯಾದಿ ಒಂದೊಂದು ತುಣುಕೂ ಒಂದು ಇವೆಂಟ್. ಇವೆಂಟುಗಳನ್ನು ಒಂದು ಗಂಟೆಯ ಉದ್ದಕ್ಕೆ ಜೋಡಿಸಿದರೆ ಕ್ಲಾಕ್. ವಾರದ 168 ಗಂಟೆಗಳಲ್ಲಿ ಯಾವುದಕ್ಕೆ ಯಾವ ಕ್ಲಾಕ್ ಎಂದು ತೋರಿಸುವ ಕೋಷ್ಟಕ ಗ್ರಿಡ್. ಗ್ರಿಡ್‌ನಿಂದ ಆ ದಿನದ ಖಾಲಿ ಲಾಗ್ ಹುಟ್ಟುತ್ತದೆ. ಅದಕ್ಕೆ ಹಾಡುಗಳ ಪಟ್ಟಿ, ಬಳಿಕ ಜಾಹೀರಾತುಗಳ ಪಟ್ಟಿ ಸೇರುತ್ತದೆ.

ಜಾಹೀರಾತಿನ ಪಟ್ಟಿ, ಜಾಹೀರಾತುಗಳ ವೇಳೆಯನ್ನು ಗೊತ್ತುಪಡಿಸುವ ಟ್ರಾಫಿಕ್ ವಿಭಾಗದಿಂದ ಸಾದಾ ಅಕ್ಷರಕಡತವಾಗಿ ಬರುತ್ತದೆ. ಸಾಲಿನ ಎಷ್ಟನೇ ಅಕ್ಷರದಿಂದ ಎಷ್ಟು ಅಕ್ಷರ ಸಮಯ, ಎಷ್ಟು ಅಕ್ಷರ ಕಾರ್ಟ್ ಸಂಖ್ಯೆ ಎಂದು ಮೊದಲೇ ತಿಳಿಸಿರಬೇಕು. ಒಂದೇ ಒಂದು ಅಕ್ಷರ ಜರುಗಿದರೂ ತಂತ್ರಾಂಶ ಬೇರೆ ಸಂಖ್ಯೆಯನ್ನು ಓದಿಕೊಳ್ಳುತ್ತದೆ. ಇಲ್ಲದ ಕಾರ್ಟನ್ನು ಕೇಳುವ ಸಾಲುಗಳನ್ನು ಪ್ರಸಾರಕ್ಕೆ ಮೊದಲು ವರದಿ ತೆಗೆದು ಹಿಡಿಯುವುದು ಆದ್ದರಿಂದ ನಿತ್ಯದ ಕೆಲಸ. ಕಾರ್ಟಿನೊಳಗಿನ ಪ್ರತಿ ಧ್ವನಿಮುದ್ರಿಕೆಗೂ ಆರಂಭ ಮತ್ತು ಮುಕ್ತಾಯದ ದಿನಾಂಕ ಹಾಕಬಹುದು. ಅವಧಿ ಮುಗಿದ ಜಾಹೀರಾತು ತಾನಾಗಿ ಹೊರಗುಳಿಯುತ್ತದೆ.

ಗಡಿಯಾರದೊಡನೆ ಹೊಂದಾಣಿಕೆ

ಬೆಳಗಿನ 8:20ಕ್ಕೆ ಜಾಹೀರಾತು ವಿರಾಮ ನಿಗದಿಯಾಗಿದೆ ಎಂದುಕೊಳ್ಳಬಹುದು. 8:17:10ಕ್ಕೆ ಶುರುವಾದ ನಾಲ್ಕೂವರೆ ನಿಮಿಷದ ಹಾಡು ಮುಗಿಯುವುದು 8:21:40ಕ್ಕೆ, ಅಂದರೆ 100 ಸೆಕೆಂಡು ತಡವಾಗಿ. ರಿವೆಂಡೆಲ್‌ನಲ್ಲಿ ಇದಕ್ಕೆ ಮೂರು ದಾರಿ. ‘ತಕ್ಷಣ’ ಎಂದಿದ್ದರೆ 8:20ಕ್ಕೆ ಹಾಡು ತುಂಡಾಗುತ್ತದೆ. ‘ಮುಂದಿನದು’ ಎಂದಿದ್ದರೆ ಹಾಡು ಪೂರ್ತಿ ಕೇಳಿಸಿ, ನಡುವೆ ಉಳಿದ ಸಾಲುಗಳನ್ನು ಬಿಟ್ಟು, ವಿರಾಮ ಬರುತ್ತದೆ. ‘ಇಷ್ಟು ಹೊತ್ತು ಕಾಯಿ’ ಎಂಬುದು ಇವೆರಡರ ನಡುವಿನದು: 2 ನಿಮಿಷ ಕೊಟ್ಟಿದ್ದರೆ ಹಾಡು ಉಳಿಯುತ್ತದೆ, 1 ನಿಮಿಷ ಕೊಟ್ಟಿದ್ದರೆ 8:21ಕ್ಕೆ ತುಂಡಾಗುತ್ತದೆ. ಬೇರೆಡೆಯಿಂದ ನೇರವಾಗಿ ಬರುವ ಸುದ್ದಿಗೆ ಮೊದಲನೆಯದೇ ಗತಿ. ಕೇಂದ್ರದ ಸ್ವಂತ ವಿರಾಮಕ್ಕೆ ಅದನ್ನು ಬಳಸುವುದು ಕೇಳುಗರ ಕಿವಿಗೆ ಒರಟು.

ಲಾಗ್ ಬೇಗ ಮುಗಿಯುವುದು ಇನ್ನೂ ಕೆಟ್ಟದ್ದು. ನಿಗದಿತ ಸಾಲು ವೇಳೆಗೆ ಮೊದಲೇ ಓಡಬಹುದು, ಅಥವಾ ವೇಳೆ ಬರುವವರೆಗೆ ಗಾಳಿಯಲ್ಲಿ ಮೌನ ಹರಡಬಹುದು. ಹಾಗಾಗಿ ಗಂಟೆಯನ್ನು ಬೇಕೆಂದೇ ತುಸು ಹೆಚ್ಚಾಗಿ ತುಂಬಿಸಿ, ಕೊನೆಯ ಒಂದೆರಡು ಹಾಡುಗಳನ್ನು ಬಿಟ್ಟುಹೋಗಲೆಂದೇ ಇಡುವುದು ವಾಡಿಕೆ. ಲೆಕ್ಕ ತಪ್ಪಲು ಇನ್ನೊಂದು ಕಾರಣ ಸೆಗ್ವೆ, ಎಂದರೆ ಒಂದು ಹಾಡಿನ ಬಾಲದ ಮೇಲೆ ಮುಂದಿನದರ ತಲೆ ಕೂರುವುದು. ಗಂಟೆಗೆ 15 ಸೆಗ್ವೆ, ಒಂದೊಂದರಲ್ಲಿ 3 ಸೆಕೆಂಡು ಎಂದರೆ 45 ಸೆಕೆಂಡು ಕರಗಿಹೋಯಿತು. ಹಾಡುಗಳ ಉದ್ದವನ್ನಷ್ಟೇ ಕೂಡಿಸುವವರಿಗೆ ಇದು ಕಾಣುವುದಿಲ್ಲ.

ಲೆಕ್ಕ ಒಪ್ಪಿಸುವುದು

ನಿಗದಿಯಾದದ್ದೆಲ್ಲ ಪ್ರಸಾರವಾಗಿರುವುದಿಲ್ಲ. ನಿಜವಾಗಿ ಯಾವುದು ಎಷ್ಟು ಗಂಟೆಗೆ ಕೇಳಿಸಿತು ಎಂಬ ದಾಖಲೆ ಟ್ರಾಫಿಕ್ ವಿಭಾಗಕ್ಕೆ ಮರಳಿದ ಮೇಲೆಯೇ ಜಾಹೀರಾತುದಾರರ ಬಿಲ್ಲು. ತಪ್ಪಿಹೋದ ಸ್ಪಾಟಿಗೆ, ಎಂದರೆ ಒಂದು ಬಾರಿಯ ಜಾಹೀರಾತಿಗೆ, ಬದಲಿ ಹೊತ್ತು ಕೊಡುವುದು ರೂಢಿ.

ಭಾರತದಲ್ಲಿ

ಆಕಾಶವಾಣಿಯ ವಿವಿಧ ಭಾರತಿಯಲ್ಲಿ ಜಾಹೀರಾತು ಆರಂಭವಾದದ್ದು 1967ರ ನವೆಂಬರ್ 1ರಂದು. ಅದು ಸ್ಪೂಲ್ ಟೇಪು ಮತ್ತು ಕ್ಯೂ ಶೀಟುಗಳ ಕಾಲ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಬೆಂಗಳೂರಿನಲ್ಲಿ ಪ್ರಸಾರ ಶುರುಮಾಡಿತು. ಸಮುದಾಯ ಬಾನುಲಿಗಳಿಗೆಂದು ಗ್ರಾಮ್ ವಾಣಿ ಸಂಸ್ಥೆ ಗ್ರಿನ್ಸ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿತು. ಪ್ರಸಾರದ ನಿಗದಿಯ ಜೊತೆಗೆ ಕೇಳುಗರ ದೂರವಾಣಿ ಕರೆಗಳನ್ನೂ ಅದು ನಿಭಾಯಿಸುತ್ತದೆ. ಸಮುದಾಯ ಬಾನುಲಿ ಕೇಂದ್ರಗಳ ಜಾಹೀರಾತು ಮಿತಿಯನ್ನು 2024ರಲ್ಲಿ ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಲಾಯಿತು. 12 ನಿಮಿಷವೆಂದರೆ 30 ಸೆಕೆಂಡಿನ 24 ಸ್ಪಾಟುಗಳು. ಕ್ಲಾಕ್‌ನಲ್ಲೇ ವಿರಾಮಗಳ ಒಟ್ಟು ಉದ್ದವನ್ನು ಇದರೊಳಗೆ ಇಟ್ಟರೆ ಮಿತಿಯನ್ನು ದಿನವೂ ಕೈಯಿಂದ ಎಣಿಸಬೇಕಾಗಿಲ್ಲ.