ಗಾಡಿ ಬಣ್ಣದ ಮ್ಯಾಲಿನ ಪದರ: ಅರಗಿನಿಂದ ಸಿರಾಮಿಕ್ ತನಕ

ಹೋದ ತಿಂಗಳ ಒಂದು ಮಧ್ಯಾಹ್ನ, ಇನ್ನೇನು ಊಟಾ ಮುಗಿಸಿ ಅಡ್ಡಾಗಬೇಕು ಅನ್ನೋದ್ರಾಗ ನಮ್ಮ ತಂಗಿ ಮಗಳ ಫೋನ್ ಬಂತು. "ಮೌಶಿ, ಶೋರೂಮಿನ್ಯಾಗ ಕೂತೇನಿ. ಇವರು ಸಿರಾಮಿಕ್ ಕೋಟಿಂಗ್ ಮಾಡಿಸ್ರಿ ಅಂತ ಬೆನ್ನು ಹತ್ಯಾರ. 28 ಸಾವಿರ ಅಂತ. ಇವತ್ತ ಒಂದಿನಾ ಆಫರ್ ಅಂತ. ಏನ್ ಮಾಡ್ಲಿ?"

ಅಕಿ ನೌಕರಿ ಹತ್ತಿದ ನಾಕ ವರ್ಷಕ್ಕ, ಸ್ವಂತ ಪಗಾರದ್ ಮ್ಯಾಲೆ ಸಾಲಾ ತಗೊಂಡು ಕೊಳ್ಳೋ ಮೊದಲನೇ ಗಾಡಿ ಅದು. 28 ಸಾವಿರ ಅಂದ್ರ ಅಕಿಗೆ ಸುಮಾರು ಮೂರು ತಿಂಗಳ ಕಂತು. "ಗಾಡಿ ರೊಕ್ಕಾ ಅಷ್ಟ ಕಟ್ಟು. ಮ್ಯಾಲಿನ ಪದರದ ವಿಚಾರ ಮನಿಗೆ ಬಂದ ಮ್ಯಾಲೆ ಮಾಡೋಣ" ಅಂತ ಹೇಳಿ ಫೋನ್ ಇಟ್ಟೆ. ಹೇಳೋದೇನೋ ಹೇಳಿಬಿಟ್ಟೆ, ಆದ್ರ ನಿದ್ದಿ ಬರ್ಲಿಲ್ಲ. ನಮ್ಮಪ್ಪನ ಹಸರ ಫಿಯೆಟ್ ನೆನಪಾತು.

ಪ್ರತಿ ವರ್ಷ ಆಯುಧಪೂಜಿ ಹಿಂದಿನ ದಿನಾ ಅಪ್ಪ ಡಬ್ಬಿಯೊಳಗಿನ ಮೇಣದ ಪಾಲಿಶ್ ಹಚ್ಚಿ ಆ ಗಾಡಿ ತಿಕ್ಕತಿದ್ರು. ತಿಕ್ಕಿದ ಅರಿವಿ ಹಸರಾಗ್ತಿತ್ತು. ನಾ ಗಾಬರಿಯಾಗಿ "ಅಪ್ಪಾ, ಬಣ್ಣಾನ ಹೊಂಟದಲ್ಲ!" ಅಂದ್ರ "ಅದು ಸತ್ತ ಚರ್ಮ, ಹೋಗ್ಲಿ ಬಿಡು" ಅಂತಿದ್ರು. ನನಗ ಹನ್ನೊಂದು ವರ್ಷ ಇದ್ದಾಗ ಒಮ್ಮೆ ಅಪ್ಪಗ ಖುಷಿ ಮಾಡೋಣಂತ, ಬಾನೆಟ್ ಮ್ಯಾಲೆ ಒಣಗಿದ್ದ ಕಾಗಿ ಹಿಕ್ಕಿನ್ನ ತೆಂಗಿನ ನಾರಿಲೆ ತಿಕ್ಕಿ ತಗದೆ. ಹಿಕ್ಕಿ ಹೋತು, ಗೀರು ಉಳದ್ವು. ಅಪ್ಪ ಬೈಲಿಲ್ಲ. ಅಕ್ಕನ ಲಗ್ನಕ್ಕ ಗಾಡಿ ಮಾರಬೇಕಾದಾಗ ಕೊಳ್ಳಲಿಕ್ಕೆ ಬಂದಾಂವ ಆ ಗೀರಿನ ಮ್ಯಾಲೆ ಬೆರಳ ಆಡಿಸಿ ಎರಡು ಸಾವಿರ ಕಡಿಮಿ ಮಾಡಿದ. ನಾ ಬಾಗಲ ಹಿಂದ ನಿಂತು ಕೇಳಿಸ್ಕೊಂಡೆ. ಅವತ್ತಿನಿಂದ ಗಾಡಿ ಬಣ್ಣದ ವಿಷಯ ಎಲ್ಲಿ ಕಂಡ್ರೂ ಓದಕೋತ ಬಂದೇನಿ. ಅದನ್ನ ಇಲ್ಲಿ ಒಂದು ಕಡೆ ಕೂಡಿಸೇನಿ.

ಮೊದಲ ಅರಗಿಂದ ಶುರು ಮಾಡೋಣ. ಪಾಂಡವರ ಅರಗಿನ ಮನಿ ಎಲ್ಲಾರಿಗೂ ಗೊತ್ತು. ಮುತ್ತಲ, ಜಾಲಿಯಂಥಾ ಗಿಡದ ಟೊಂಗಿ ಮ್ಯಾಲೆ ಸಣ್ಣ ಹುಳಾ ತನ್ನ ರಕ್ಷಣಾಕ್ಕ ಸುರಿಸೋ ಅಂಟು ಅದು. ಚನ್ನಪಟ್ಟಣದ ಗೊಂಬಿಗೆ ಆ ಹೊಳಪು ಬರೋದು ಅದರಿಂದನ. ಸಂಸ್ಕೃತದ 'ಲಾಕ್ಷಾ'ದಿಂದನ ಇಂಗ್ಲಿಷಿನ 'ಲ್ಯಾಕರ್' ಅನ್ನೋ ಶಬ್ದ ಹುಟ್ಟೇದ. ಮೈಸೂರಿನ್ಯಾಗ 1937ರಾಗ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಬಣ್ಣದ ಕಾರ್ಖಾನಿ ಹೆಸರೊಳಗೂ ಮೊದಲ 'ಲ್ಯಾಕ್' ಇತ್ತು. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್. 1962ರಿಂದ ಮತಾ ಹಾಕಿದಾಗ ನಮ್ಮ ಬೆರಳಿಗೆ ಹಚ್ಚೋ ಅಳಿಸಲಾರದ ಶಾಯಿ ಮಾಡೋದು ಅಲ್ಲೇ.

ಅಮೆರಿಕಾ, ಯುರೋಪಿನ್ಯಾಗ ಮೊದಲ ಕಾರು ಬಂದಾಗ ಅವಕ್ಕ ಕುದುರಿ ಸಾರೋಟಿನ ಬಣ್ಣಾನ ಹಚ್ಚತಿದ್ರು. ಎಣ್ಣಿ ಬಣ್ಣ, ಮ್ಯಾಲೆ ವಾರ್ನಿಶ್. ಒಂದು ಪದರ ಒಣಗಿದ ಮ್ಯಾಲೆ ತಿಕ್ಕಿ ಮತ್ತೊಂದು, ಹಿಂಗ ಒಂದು ಗಾಡಿಗೆ ವಾರಗಟ್ಟಲೆ ಬೇಕು. ಅಷ್ಟು ಮಾಡಿದ್ರೂ ಬಿಸಲಿಗೆ ಹಳದಿ ಆಗಿ ಬಿರುಕು ಬಿಡ್ತಿತ್ತು. ಫೋರ್ಡ್ ಕಂಪನಿ ಮಾಡೆಲ್ ಟಿ ಗಾಡಿನ್ನ 1914ರಿಂದ 1925ರ ತನಕ ಕರೇ ಬಣ್ಣದಾಗಷ್ಟ ಮಾರಿತು. ಆ ಕರೇ ಬಣ್ಣ ಅಗ್ಗ ಇತ್ತು, ಗಟ್ಟಿ ಇತ್ತು. ಮಡ್‌ಗಾರ್ಡಿನಂಥಾ ಭಾಗ ಡಾಂಬರಿನ ಜಾತಿಯ ಕರೇ ಎನಾಮಲ್ಲಿನ್ಯಾಗ ಅದ್ದಿ ಒಲಿಯೊಳಗ ಬೇಯಿಸ್ತಿದ್ರು.

1923ರಾಗ ಡ್ಯುಪಾಂಟ್ ಕಂಪನಿ 'ಡ್ಯೂಕೋ' ತಂತು. ಹತ್ತಿಗೆ ಆಸಿಡ್ ಕೊಟ್ಟು ಮಾಡೋ ನೈಟ್ರೊಸೆಲ್ಯುಲೋಸ್, ತೋಪಿನ ಮದ್ದಿನ ಬಳಗ ಅದು. ವಾರಗಟ್ಟಲೆ ಒಣಗೋ ಬಣ್ಣ ತಾಸಿನ ಲೆಕ್ಕದಾಗ ಒಣಗಲಿಕ್ಕೆ ಹತ್ತಿತು, ಬಗಿಬಗಿ ಬಣ್ಣಾನೂ ಬಂದ್ವು. ನಮ್ಮ ಬಡಗ್ಯಾರು ಇನ್ನೂ ಕಪಾಟಿಗೆ "ಡೂಕೋ ಪೇಂಟ್ ಹೊಡಿಸ್ತೀರೇನ್ರಿ?" ಅಂತ ಕೇಳ್ತಾರಲ್ಲ, ಅದು ಇದ ಹೆಸರು. ಲ್ಯಾಕರ್ ಅಂದ್ರೂ ಇದರಾಗ ನಮ್ಮ ಅರಗು ಒಂದು ಹನಿ ಇದ್ದಿಲ್ಲ, ಶಬ್ದ ಅಷ್ಟ ಉಳೀತು.

ಬಣ್ಣ ಬಂದಲ್ಲೆ ಅದನ್ನ ಕಾಯೋ ವ್ಯಾಪಾರಾನೂ ಬಂತು. ಉಪ್ಪಿನಕಾಯಿ ಭರಣಿ ಮ್ಯಾಲೆ ಎಣ್ಣಿ ನಿಲ್ಲಿಸ್ತೇವಲ್ಲ, ಹಂಗ. ಹಾಳಾಗೋದಿದ್ರ ಮ್ಯಾಲಿಂದ ಮೊದಲ ಹಾಳಾಗ್ಲಿ, ಒಳಗಿಂದು ಉಳೀಲಿ. ಬ್ರೆಜಿಲ್ ದೇಶದ ಈಶಾನ್ಯ ಭಾಗದಾಗ, ಬಿಸಲು ಭಾಳ ಇರೋ ಕಡೆ, ಕಾರ್ನೌಬಾ ಅಂತ ಒಂದು ತಾಳಿ ಗಿಡ ಅದ. ನೀರು ಆರಬಾರದಂತ ಆ ಗಿಡ ತನ್ನ ಎಲಿ ಮ್ಯಾಲೆ ತಾನ ಮೇಣ ಹಚ್ಚಿಕೊಳ್ತದ. ಅದನ್ನ ಕೆರದು ತಗದು ಗಾಡಿಗೆ ಹಚ್ಚಿದ್ರು. 1941ರಾಗ ಶಿಕಾಗೋದಾಗ ಬೆನ್ ಹರ್ಶ್ ಅನ್ನಾಂವ ಸ್ನಾನದ ತೊಟ್ಟಿಯೊಳಗ ಪಾಲಿಶ್ ಕಲಸಿ ಮಾರಲಿಕ್ಕೆ ಹತ್ತಿದ. ಅದ ಮುಂದ ಟರ್ಟಲ್ ವ್ಯಾಕ್ಸ್ ಆತು. ನಿಂತ ಗಾಡಿಯ ಒಂದ ಮಡ್‌ಗಾರ್ಡ್ ತಿಕ್ಕಿ ಮಿಂಚಿಸಿ, ಮಾಲಕ ಬರೋ ತನಕ ಕಾಯ್ತಿದ್ನಂತ. ಈಗಿನ ಶೋರೂಮಿನವರು ಅರ್ಧಾ ಬಾನೆಟ್ ಮ್ಯಾಲೆ ನೀರು ಚೆಲ್ಲಿ ಹನಿ ಉರುಳೋದನ್ನ ತೋರಸ್ತಾರಲ್ಲ, ಅದಕ್ಕ ಇದ ಅಜ್ಜ!

ಆಮ್ಯಾಲೆ ಟೆಫ್ಲಾನ್ ಬಂತು. 1938ರಾಗ ರಾಯ್ ಪ್ಲಂಕೆಟ್ ಅನ್ನೋ ವಿಜ್ಞಾನಿ ಕೈಯಾಗ ಆಕಸ್ಮಿಕ ಸಿಕ್ಕ ವಸ್ತು. ನಮ್ಮ ದ್ವಾಶಿ ತವಾಕ್ಕ ಅದನ್ನ ಕೂಡಿಸಬೇಕಂದ್ರ 300 ಡಿಗ್ರಿ ಮ್ಯಾಲೆ ಕಾಯಿಸಬೇಕು. ಗಾಡಿನ್ನ ಹಂಗ ಕಾಯಿಸಲಿಕ್ಕೆ ಬರ್ತದೇನು? ತವಾದ ಮ್ಯಾಲಿನ ಗುಣ ಗಾಡಿ ಮ್ಯಾಲೆ ಬರೋದಿಲ್ಲ. ಆದ್ರೂ ನಮ್ಮ ಕಡೆ 'ಟೆಫ್ಲಾನ್ ಕೋಟಿಂಗ್' ಅಂತ ವರ್ಷಾನುಗಟ್ಟಲೆ ಮಾರಿದ್ರು. ನಾವೂ ಒಮ್ಮೆ ಮಾಡಿಸೇವಿ, ಸುಳ್ಳ್ಯಾಕ ಹೇಳ್ಲಿ.

ಈ ನಡುವ ಬಣ್ಣಾನ ಬದಲಾಗಿತ್ತು. 1980ರ ಸುಮಾರಿನಿಂದ ಬಣ್ಣದ ಮ್ಯಾಲೆ ಗಾಜಿನಂಥಾ 'ಕ್ಲಿಯರ್ ಕೋಟ್' ಹಚ್ಚೋದು ರೂಢಿಗೆ ಬಂತು. ಅದಕ್ಕ ಈಗಿನ ಗಾಡಿ ತಿಕ್ಕಿದ್ರ ಅರಿವಿಗೆ ಬಣ್ಣ ಹತ್ತೂದಿಲ್ಲ. ಆದ್ರ ಆ ಪದರ ಸುಮಾರು 40–50 ಮೈಕ್ರಾನ್, ನಮ್ಮ ತಲಿಗೂದಲಿಗಿಂತ ತೆಳು. ಪ್ರತಿ ಸರ್ವಿಸಿಗೂ "ರಬ್ಬಿಂಗ್ ಮಾಡೋಣ್ರಿ" ಅಂದ್ರ ಹೂಂ ಅನಬ್ಯಾಡ್ರಿ. ಪ್ರತಿ ಸಲಾ ಅದರಾಗಿಂದನ ಒಂದಿಷ್ಟು ಸವೀತದ.

ಪಿಪಿಎಫ್ ಅನ್ನೋ ಪಾರದರ್ಶಕ ಹಾಳಿ ಹುಟ್ಟಿದ್ದು ವಿಯೆಟ್ನಾಂ ಯುದ್ಧದಾಗ. ಹೆಲಿಕಾಪ್ಟರಿನ ರೆಕ್ಕಿ ಉಸುಕು ಬಡದು ಹಾಳಾಗ್ತಿದ್ವಂತ 3ಎಂ ಕಂಪನಿ ಪಾಲಿಯುರಿಥೇನ್ ಪಟ್ಟಿ ಮಾಡಿಕೊಟ್ಟಿತು. ಅದು ಮುಂದ ರೇಸಿನ ಗಾಡಿಗೆ, ಆಮ್ಯಾಲೆ ಮನಿ ಗಾಡಿಗೆ ಬಂತು. ದಪ್ಪ ಸುಮಾರು 150–200 ಮೈಕ್ರಾನ್. ಲಾರಿ ಹಿಂದ ಹೋಗಬೇಕಾದ್ರ ಸಿಡಿಯೋ ಹರಳು ತಡಿಯೋದು ಇದೊಂದ. ಆದ್ರ ಪೂರ್ತಿ ಗಾಡಿಗೆ ಅಂದ್ರ ಲಕ್ಷದ ಮಾತು.

ಸಿರಾಮಿಕ್ ಅಂದ್ರ ಸಿಲಿಕಾ, ಉಸುಕಿನ ಕುಲ. ಕ್ಲಿಯರ್ ಕೋಟಿಗೆ ಗಟ್ಟಿ ಹಿಡೀತದ, ನೀರು ನಿಲ್ಲಗೊಡೂದಿಲ್ಲ, ಧೂಳು ಲಗೂನ ಹೋಗ್ತದ, ಛಲೋ ಹಚ್ಚಿದ್ರ ಎರಡು–ಮೂರು ವರ್ಷ ಇರ್ತದ. ಇಷ್ಟು ಖರೇ. ಆದ್ರ ದಪ್ಪ ಒಂದೆರಡು ಮೈಕ್ರಾನ್. ಹರಳು ತಡಿಯೂದಿಲ್ಲ. '9ಎಚ್ ಗಟ್ಟಿ' ಅಂತ ಬರದಿರ್ತಾರಲ್ಲ, ಅದು ವಜ್ರದ ಲೆಕ್ಕ ಅಲ್ಲ, ಪೆನ್ಸಿಲ್ಲಿಲೆ ಗೀಚಿ ನೋಡೋ ಪರೀಕ್ಷೆ. ಬೋರಿನ ಗಡಸು ನೀರು ಒಣಗಿದ್ರ ಅದರ ಮ್ಯಾಲೂ ಬಿಳೇ ಕಲಿ ಬೀಳ್ತದ.

ಹಿಂಗಾಗಿ ಸಂಜಿಮುಂದ ಅಕಿ ಮನಿಗೆ ಬಂದಾಗ ಯಾವ ಪದರ ಅಂತ ಕೇಳ್ಲಿಲ್ಲ. ಗಾಡಿ ಎಲ್ಲೆ ನಿಲ್ತದ, ಎಲ್ಲೆ ಓಡ್ತದ, ಯಾರು ತೊಳೀತಾರ ಅಂತ ಕೇಳಿದೆ. ನಿಲ್ಲೋದು ಬಯಲಾಗ, ಬೇವಿನ ಗಿಡದ ಕೆಳಗ. ಓಡೋದು ದಿನಾ ಧಾರವಾಡ–ಹುಬ್ಬಳ್ಳಿ, ಲಾರಿ ಹಿಂದ. ತೊಳಿಯೋದು ಅಕಿನ. ಕಾಗಿ ಹಿಕ್ಕಿ ಅಂದ್ರ ಆಮ್ಲ, ಬಿಸಲಾಗ ಒಣಗಿದ್ರ ಕ್ಲಿಯರ್ ಕೋಟನ್ನೂ ತಿಂತದ. ಸಿರಾಮಿಕ್ ಇದ್ರೂ ಅವತ್ತಿಂದವತ್ತ ನೆನಸಿ ತಗೀಲಿಕ್ಕೇ ಬೇಕು.

ಕಡೀಕ ಅಕಿ ಮುಂದಿನ ಬಂಪರಿಗೆ, ಬಾನೆಟ್ಟಿನ ಅಂಚಿಗೆ ಅಷ್ಟ ಹಾಳಿ ಹಚ್ಚಿಸಿದ್ಲು. ಉಳದದ್ದಕ್ಕ ನಾಕ ತಿಂಗಳಿಗೊಮ್ಮೆ ತಾನ ಹಚ್ಚೋ ಸೀಲಂಟ್ ಡಬ್ಬಿ ತಂದ್ಲು. ಎರಡು ಬಕೀಟು (ಒಂದು ಸಾಬಣ ನೀರಿಗೆ, ಇನ್ನೊಂದು ಅರಿವಿ ಹಿಂಡಲಿಕ್ಕೆ), ಎರಡು ಮೆತ್ತಂದು ಮೈಕ್ರೋಫೈಬರ್ ಅರಿವಿ. ಮಿಕ್ಕಿದ ರೊಕ್ಕ ತಗಡಿನ ಶೆಡ್ಡಿಗೆ ಇಟ್ಟಾಳ. ನಮ್ಮ ಓಣಿ ವೈನಿ ಮಾತ್ರ ಸಿರಾಮಿಕ್ ಮಾಡಿಸ್ಯಾರ, ಅವರಿಗೆ ಅದು ಸರೀನೂ ಅದ. ಕರೇ ಗಾಡಿ, ನಿಲ್ಲಲಿಕ್ಕೆ ಶೆಡ್ ಅದ, ಹತ್ತು ವರ್ಷ ಇಟ್ಟುಕೊಳ್ಳೋ ವಿಚಾರ ಅದ.

ಮೊನ್ನೆ ಐತವಾರ ಹೋಗಿದ್ದೆ. ಬಾನೆಟ್ ಮ್ಯಾಲೆ ಹಿಕ್ಕಿ ಬಿದ್ದಿತ್ತು. ತಂಗಿ ಕೈಯಾಗಿನ ನಾರು ಹಿಡಕೊಂಡ ಬಂದ್ಲು. "ಅಮ್ಮಾ, ಬ್ಯಾಡ" ಅಂತ ಅಂದು ನಮ್ಮ ಹುಡುಗಿ ಒದ್ದಿ ಅರಿವಿ ಅದರ ಮ್ಯಾಲೆ ಹಾಸಿ, ಐದು ನಿಮಿಷ ನೆನಿಲಿಕ್ಕೆ ಬಿಟ್ಲು. ನಾ ಅಲ್ಲೇ ಕಟ್ಟಿ ಮ್ಯಾಲೆ ಕೂತು ನೋಡಿದೆ. ಅರಿವಿ ಎತ್ತಿದ್ರ ಒಂದು ಗೀರೂ ಇದ್ದಿಲ್ಲ.