ಐನೂರು ಕೋಟಿ ಜೀವಗಳ ಲೆಕ್ಕ

ಸೆಪ್ಟೆಂಬರ್ 1980ರ ತಾರೀಖು ಹೊತ್ತು ಬಂದ ‘ಎಕ್ಸ್-ಮೆನ್’ ಕಾಮಿಕ್ಸ್‌ನ 137ನೇ ಸಂಚಿಕೆಯ ಕೊನೆಯಲ್ಲಿ ಜೀನ್ ಗ್ರೇ ಸಾಯುತ್ತಾಳೆ. ಕತೆಗಾರ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಜಾನ್ ಬರ್ನ್ ಮೊದಲು ಬರೆದು, ಚಿತ್ರಿಸಿ ಮುಗಿಸಿದ್ದ ಸಂಚಿಕೆಯಲ್ಲಿ ಆಕೆ ಸಾಯುವುದಿಲ್ಲ. ಒಂದೇ ಕತೆಗೆ ಎರಡು ಮುಕ್ತಾಯಗಳಿದ್ದು, ಎರಡೂ ಇಂದು ಓದಲು ಸಿಗುವುದು ಅಪರೂಪ. ಹಾಗಾಗಿ ‘ಡಾರ್ಕ್ ಫೀನಿಕ್ಸ್’ ಕಥಾಸರಣಿಯ ಚರಿತ್ರೆಯನ್ನು ನೋಡಿದರೆ, ಒಂದು ಮುಕ್ತಾಯ ಓದುಗರಿಗೆ ಏಕೆ ಒಪ್ಪಿಗೆಯಾಗುತ್ತದೆ ಎನ್ನುವ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಜೀನ್ ಹೊಸ ಪಾತ್ರವೇನಲ್ಲ. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಹೊರತಂದ ಮೊದಲ ಸಂಚಿಕೆಯಲ್ಲೇ ಅವಳಿದ್ದಳು: ಐವರ ತಂಡದ ಒಬ್ಬಳೇ ಹುಡುಗಿ. ತಂಡದ ನಾಯಕ ಸೈಕ್ಲಾಪ್ಸ್, ಅಂದರೆ ಸ್ಕಾಟ್ ಸಮ್ಮರ್ಸ್, ಅವಳನ್ನು ಪ್ರೀತಿಸುತ್ತಿದ್ದ. 1976ರಲ್ಲಿ ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಡೇವ್ ಕಾಕ್ರಮ್ ಅವಳನ್ನು ಬದಲಾಯಿಸಿದರು. ವಿಕಿರಣದ ನಡುವೆ ಬಾಹ್ಯಾಕಾಶ ನೌಕೆಯನ್ನು ನಡೆಸಿ ಗೆಳೆಯರನ್ನು ಉಳಿಸಿದ ಜೀನ್, ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ನೀರಿನಿಂದ ಫೀನಿಕ್ಸ್ ಆಗಿ ಎದ್ದು ಬಂದಳು. ಮುಂದೆ ಖಳನೊಬ್ಬ ಅವಳ ಮನಸ್ಸಿನೊಳಗೆ ಹೊಕ್ಕು, ಸುಳ್ಳು ನೆನಪುಗಳನ್ನು ತುಂಬಿ, ಒಳಗಿನ ಅಡೆತಡೆಗಳನ್ನೆಲ್ಲ ಸಡಿಲಿಸಿದ. ಅವಳು ಅವನ ಹಿಡಿತದಿಂದ ತಪ್ಪಿಸಿಕೊಂಡಳು. ಆದರೆ ತನ್ನ ಶಕ್ತಿಯ ಹಿಡಿತದಿಂದ ತಪ್ಪಿಸಿಕೊಳ್ಳಲಿಲ್ಲ.

135ನೇ ಸಂಚಿಕೆಯಲ್ಲಿ ಹಸಿದ ಫೀನಿಕ್ಸ್ ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಆ ನಕ್ಷತ್ರದ ಸುತ್ತ ಡಿ’ಬಾರಿ ಜನರ ಗ್ರಹವಿತ್ತು. ಐನೂರು ಕೋಟಿ ಜೀವಗಳು ಹೋಗುತ್ತವೆ. ಷಿಯಾರ್ ಸಾಮ್ರಾಜ್ಯ ಅವಳನ್ನು ವಿಚಾರಣೆಗೆ ಎಳೆಯುತ್ತದೆ; ಎಕ್ಸ್-ಮೆನ್ ತಂಡ ಅವಳ ಪರವಾಗಿ ಚಂದ್ರನ ಮೇಲೆ ಕಾದಾಡಿ ಸೋಲುತ್ತದೆ.

ಮೂಲ ಮುಕ್ತಾಯದಲ್ಲಿ ಷಿಯಾರರು ಯಂತ್ರದಿಂದ ಜೀನ್‌ಳ ಶಕ್ತಿಯನ್ನು ಕಿತ್ತುಹಾಕುತ್ತಾರೆ. ಅವಳು ಸಾಮಾನ್ಯ ಹೆಂಗಸಾಗಿ ಬದುಕುಳಿಯುತ್ತಾಳೆ. ಮಾರ್ವೆಲ್‌ನ ಆಗಿನ ಪ್ರಧಾನ ಸಂಪಾದಕ ಜಿಮ್ ಶೂಟರ್ ಇದನ್ನು ಒಪ್ಪಲಿಲ್ಲ. ಅವರ ತಕರಾರು ಸರಳ: ಒಂದು ಇಡೀ ಜನಾಂಗವನ್ನು ಅಳಿಸಿದವಳು ಶಕ್ತಿಯನ್ನಷ್ಟೇ ಕಳೆದುಕೊಂಡು ಮನೆಗೆ ಹೋದರೆ ಅದು ನ್ಯಾಯವೇ? ಮಾತುಕತೆ ಕೊನೆಗೆ ಸಾವಿಗೆ ಬಂದು ನಿಂತಿತು. ಕೊನೆಯ ಪುಟಗಳನ್ನು ಮತ್ತೆ ಬರೆದು ಚಿತ್ರಿಸಲಾಯಿತು. ಹೊಸ ಪುಟಗಳಲ್ಲಿ, ಸ್ಕಾಟ್ ಬೀಳುವುದನ್ನು ಕಂಡ ಜೀನ್‌ಳೊಳಗೆ ಫೀನಿಕ್ಸ್ ಮತ್ತೆ ಎಚ್ಚರಗೊಳ್ಳುತ್ತದೆ. ಇದು ಮತ್ತೆ ಮತ್ತೆ ಆಗುತ್ತದೆಂದು ಅರಿತ ಅವಳು ಸ್ಕಾಟ್‌ನಿಗೆ ವಿದಾಯ ಹೇಳಿ, ಅಲ್ಲೇ ಇದ್ದ ಪುರಾತನ ಅಸ್ತ್ರವೊಂದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಳ್ಳುತ್ತಾಳೆ.

1984ರಲ್ಲಿ ಮಾರ್ವೆಲ್ ಮೂಲ ಪುಟಗಳನ್ನೂ ‘ಫೀನಿಕ್ಸ್: ದಿ ಅನ್‌ಟೋಲ್ಡ್ ಸ್ಟೋರಿ’ ಎಂಬ ಹೆಸರಲ್ಲಿ ಪ್ರಕಟಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಶೂಟರ್ ಕೇಳಿದ್ದು ಶಿಕ್ಷೆ. ಆದರೆ ಅಚ್ಚಾದ ಮುಕ್ತಾಯ ನಾಟುವುದು ಶಿಕ್ಷೆಯ ಕಾರಣಕ್ಕಲ್ಲ. ಐನೂರು ಕೋಟಿ ಜೀವಗಳಿಗೆ ಒಂದು ಜೀವ ಯಾವ ತಕ್ಕಡಿಯಲ್ಲೂ ಸಮನಾಗದು. ನಿಜವಾದ ವ್ಯತ್ಯಾಸ ವ್ಯಾಕರಣದಷ್ಟು ಚಿಕ್ಕದು: ಮೂಲ ಪುಟಗಳಲ್ಲಿ ಜೀನ್ ಕರ್ಮಪದ, ಅಚ್ಚಾದ ಪುಟಗಳಲ್ಲಿ ಕರ್ತೃಪದ. ಮೊದಲನೆಯದರಲ್ಲಿ ಇತರರು ಅವಳಿಗೆ ಏನನ್ನೋ ಮಾಡುತ್ತಾರೆ. ಎರಡನೆಯದರಲ್ಲಿ, ಬೇರೆಯವರು ತನ್ನ ಮನಸ್ಸಿನೊಳಗೆ ಹೊಕ್ಕು ಆಟವಾಡಿದ ಮೇಲೆ, ಅವಳು ಸ್ವಂತ ಬುದ್ಧಿಯಿಂದ ಒಂದು ನಿರ್ಧಾರ ಮಾಡುತ್ತಾಳೆ. ಗೆಳೆಯರಿಗಾಗಿ ಪ್ರಾಣ ಪಣಕ್ಕಿಟ್ಟು ಫೀನಿಕ್ಸ್ ಆದವಳು, ಎಲ್ಲರಿಗಾಗಿ ಪ್ರಾಣ ಕೊಟ್ಟು ಫೀನಿಕ್ಸನ್ನು ಮುಗಿಸುತ್ತಾಳೆ. 1976ರಲ್ಲಿ ಶುರುವಾದ ವಾಕ್ಯಕ್ಕೆ 1980ರಲ್ಲಿ ಪೂರ್ಣವಿರಾಮ ಬೀಳುತ್ತದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೂ ಇದೆ. ತಂಡದ ಅತಿ ಬಲಶಾಲಿ ಹೆಣ್ಣಿಗೆ ಬಲ ಸಿಕ್ಕ ಕೂಡಲೇ ಹುಚ್ಚು ಹಿಡಿಯಬೇಕೆ? ಕೊನೆಗೆ ಪ್ರಿಯಕರನ ಎದುರು ಸಾಯಬೇಕೆ? ಅವಳ ಸ್ವಂತ ನಿರ್ಧಾರ ಎಂದು ಓದುಗರು ಮೆಚ್ಚುವುದನ್ನು ಗಂಡಸರು ಕೂತ ಕಚೇರಿಯೊಂದರಲ್ಲಿ ತೀರ್ಮಾನಿಸಲಾಗಿತ್ತು ಎನ್ನುವುದೂ ಸುಳ್ಳಲ್ಲ. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಶಕ್ತಿ ಕಿತ್ತುಕೊಂಡು ಅವಳನ್ನು ಮನೆಗೆ ಕಳಿಸುವ ಮೂಲ ಮುಕ್ತಾಯ ಈ ಆಕ್ಷೇಪಕ್ಕೆ ಉತ್ತರವಾಗುವುದಿಲ್ಲ. ಅದು ಇನ್ನೂ ಹೆಚ್ಚು ಸಿಕ್ಕಿಬೀಳುತ್ತದೆ.

ಮುಕ್ತಾಯಕ್ಕೆ ನಿಜವಾದ ಪೆಟ್ಟು ಬಿದ್ದದ್ದು 1986ರಲ್ಲಿ. ಮೊದಲ ಐವರನ್ನು ಮತ್ತೆ ಸೇರಿಸಿ ‘ಎಕ್ಸ್-ಫ್ಯಾಕ್ಟರ್’ ಎಂಬ ಹೊಸ ಪತ್ರಿಕೆ ಶುರುಮಾಡಬೇಕಿತ್ತು. ಅದಕ್ಕೆ ಜೀನ್ ಬೇಕಿತ್ತು. ಅವಳು ನಿರ್ದೋಷಿಯಾಗಿ ಮಾತ್ರ ಮರಳಬಹುದು ಎನ್ನುವುದು ಶೂಟರ್ ಷರತ್ತು. ಆಗಿನ್ನೂ ಹೆಸರು ಮಾಡಿರದ ಕರ್ಟ್ ಬ್ಯೂಸಿಕ್‌ಗೆ ಹೊಳೆದಿದ್ದ ಉಪಾಯ ಕೆಲಸಕ್ಕೆ ಬಂತು: ನಕ್ಷತ್ರ ನುಂಗಿದ್ದು, ಚಂದ್ರನ ಮೇಲೆ ಸತ್ತದ್ದು ಜೀನ್ ಅಲ್ಲವೇ ಅಲ್ಲ, ಅವಳ ರೂಪ ತಳೆದ ಬೇರೊಂದು ಶಕ್ತಿ. ನಿಜವಾದ ಜೀನ್ ಇಷ್ಟು ದಿನ ಜಮೈಕಾ ಕೊಲ್ಲಿಯ ತಳದಲ್ಲಿ, ಕೋಶವೊಂದರೊಳಗೆ ಮಲಗಿದ್ದಳು.

ಲೆಕ್ಕದ ಪುಸ್ತಕ ಚೊಕ್ಕಟವಾಯಿತು. ಆದರೆ ಅಪರಾಧ ಅವಳದಲ್ಲವಾದರೆ ತ್ಯಾಗವೂ ಅವಳದಲ್ಲ. ಇದರ ಬೆಲೆ ಬೇರೆ ಪಾತ್ರಗಳೂ ತೆತ್ತವು. 1983ರಲ್ಲಿ ಸ್ಕಾಟ್ ಜೀನ್‌ಳನ್ನೇ ಹೋಲುವ ಮ್ಯಾಡೆಲಿನ್ ಪ್ರಯರ್ ಎಂಬವಳನ್ನು ಮದುವೆಯಾಗಿದ್ದ, ಮಗುವೂ ಆಗಿತ್ತು. ಜೀನ್ ಬದುಕಿದ್ದಾಳೆಂದು ತಿಳಿದೊಡನೆ ಅವನು ಹೆಂಡತಿ, ಕೂಸು ಇಬ್ಬರನ್ನೂ ಬಿಟ್ಟು ಹೊರಟ. ಶೋಕದಿಂದ ದೊಡ್ಡವನಾಗಿದ್ದ ನಾಯಕ ಒಂದೇ ಸಂಚಿಕೆಯಲ್ಲಿ ಸಣ್ಣವನಾದ.

ಸಿನಿಮಾ ಈ ಕತೆಯನ್ನು ಎರಡು ಸಲ ಹೇಳಲು ನೋಡಿತು, 2006ರಲ್ಲಿ ಮತ್ತು 2019ರಲ್ಲಿ. 2006ರ ಚಿತ್ರದಲ್ಲಿ ಜೀನ್‌ಳನ್ನು ಕೊಲ್ಲುವುದು ವುಲ್ವರಿನ್. ನಿರ್ಧಾರ ಮತ್ತೆ ಅವಳ ಕೈತಪ್ಪಿತು.

ತಿಂಗಳು ತಿಂಗಳು ಬರುವ, ಪಾತ್ರಗಳ ಒಡೆತನ ಕಂಪನಿಯದಾಗಿರುವ ಕಾಮಿಕ್ಸ್‌ನಲ್ಲಿ ಯಾವ ಮುಕ್ತಾಯವೂ ಭದ್ರವಲ್ಲ. ಮಾರಾಟವಾಗುವ ಪಾತ್ರವನ್ನು ಯಾರೂ ಬಹುಕಾಲ ಹೂತಿಡುವುದಿಲ್ಲ. ಆದರೂ 137ನೇ ಸಂಚಿಕೆಯ ಪುಟಗಳಲ್ಲಿ 1986ರ ತಿದ್ದುಪಡಿಯಿಂದ ಒಂದು ಗೆರೆಯೂ ಬದಲಾಗಿಲ್ಲ. ಇಂದಿಗೂ ಅದನ್ನು ತೆರೆದವರಿಗೆ ಚಂದ್ರನ ಮೇಲೆ ಕಾಣುವುದು ಕೋಶದೊಳಗಿನ ಜೀನ್‌ಳ ಪ್ರತಿರೂಪವಲ್ಲ. ತಾನು ಮಾಡಿದ್ದನ್ನು ಅರಿತು, ಅದು ಮತ್ತೆ ಆಗಬಾರದೆಂದು ನಿಶ್ಚಯಿಸಿದ ಒಬ್ಬ ಹೆಂಗಸು.