ವಚನಗಳಿಗೆ ‘ಶಾಸ್ತ್ರ’ವೆಂಬ ಹೆಸರು: ಫ. ಗು. ಹಳಕಟ್ಟಿಯವರ ಸಂಶೋಧನೆಯೂ ಸಮಾಜಕಾರ್ಯವೂ

ಕನ್ನಡ ಗ್ರಂಥಸಂಪಾದನೆಯ ಇತಿಹಾಸದಲ್ಲಿ ೧೯೨೩ನೆಯ ಇಸವಿಯು ಸ್ಮರಣೀಯವಾದುದು. ಆ ವರ್ಷ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಿದ್ದ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗದಿಂದ ಶಿವಶರಣರ ವಚನವಾಙ್ಮಯವು ಮಠದ ಗಂಟುಗಳಿಂದಲೂ ಮನೆಯ ಜಗಲಿಗಳಿಂದಲೂ ಬಿಡುಗಡೆಹೊಂದಿ ವಿದ್ವತ್ಸಭೆಗೆ ಬಂದಿತು. ಅದಕ್ಕೆ ಹಿಂದೆಯೂ ಕೆಲವು ವಚನಗ್ರಂಥಗಳು ಮುದ್ರಿತವಾಗಿದ್ದುದುಂಟು. ಆದರೆ ಅವು ಭಕ್ತರ ಪಾರಾಯಣಕ್ಕೆ ಒದಗಿದುವೇ ಹೊರತು ಪಂಡಿತರ ವಿಚಾರಕ್ಕೆ ವಿಷಯವಾಗಲಿಲ್ಲ. ಈ ಗ್ರಂಥದ ಸಂಪಾದಕರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರನ್ನು ಕನ್ನಡಿಗರು ‘ವಚನಪಿತಾಮಹ’ರೆಂದು ಕರೆದಿರುವುದು ಯುಕ್ತವಾಗಿಯೇ ಇದೆ.

ಈ ಲೇಖಕನು ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದುತ್ತಿದ್ದ ಕಾಲದಲ್ಲಿ ಸಹಾಧ್ಯಾಯಿಯೊಬ್ಬನು ಆ ಪುಸ್ತಕದ ಹಳೆಯ ಪ್ರತಿಯೊಂದನ್ನು ತರಗತಿಗೆ ತಂದನು. ನಮ್ಮ ಅಧ್ಯಾಪಕರು ಮುಖಪುಟವನ್ನು ನೋಡಿ ಮುಗುಳುನಕ್ಕು, “ವಚನ ಸರಿ, ಸಾರವೂ ಸರಿ, ನಡುವೆ ಈ ಶಾಸ್ತ್ರವೇಕೆ?” ಎಂದು ಕೇಳಿದರು. ನಾವೂ ನಕ್ಕೆವು. ಆ ನಗೆಯಲ್ಲಿ ವಿಚಾರಕ್ಕಿಂತ ಅಭ್ಯಾಸವೇ ಹೆಚ್ಚಾಗಿತ್ತೆಂದು ಈಗ ತೋರುತ್ತದೆ. ಆದರೆ ಪ್ರಶ್ನೆಯು ನಗೆಯೊಡನೆ ಮುಗಿಯತಕ್ಕುದಲ್ಲ. ವಕೀಲಿಯಲ್ಲಿ ನುರಿತು ಮಾತಿನ ಬೆಲೆಯನ್ನು ಬಲ್ಲ ಸಂಪಾದಕರು ಈ ಪದವನ್ನು ಸುಮ್ಮನೆ ಇಟ್ಟಿರಲಾರರು. ಇದನ್ನು ವಿಚಾರಿಸುವುದರಿಂದ ಅವರ ಸಂಶೋಧನೆಗೂ ಸಮಾಜಕಾರ್ಯಕ್ಕೂ ಇದ್ದ ಒಳಗಂಟು ಬಿಚ್ಚುವುದೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯಲಾಗಿದೆ.

೧

ಹಳಕಟ್ಟಿಯವರು ೧೮೮೦ನೆಯ ಇಸವಿ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖನವ್ಯವಸಾಯದಲ್ಲಿ ಆಸಕ್ತಿಯುಳ್ಳವರು. ಹಳಕಟ್ಟಿಯವರು ಮುಂಬಯಿಯಲ್ಲಿ ಉಚ್ಚಶಿಕ್ಷಣವನ್ನು ಪಡೆದು, ೧೯೦೪ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಸಂಪಾದಿಸಿ, ಬೆಳಗಾವಿಯಲ್ಲಿ ಕೆಲಕಾಲ ವಕೀಲಿಯನ್ನು ಮಾಡಿ, ವಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ನೆಲೆಸಿದರು. ಮುಂದೆ ಅಲ್ಲಿಯೇ ಸರಕಾರಿ ವಕೀಲರೂ ಆದರು. ಅವರ ಆಯುಷ್ಯವೆಲ್ಲವೂ ಆ ಊರಿನಲ್ಲಿಯೇ ಸವೆದು, ೧೯೬೪ನೆಯ ಇಸವಿ ಜೂನ್ ೨೯ರಂದು ಮುಗಿಯಿತು.

ಆ ಕಾಲದ ಮುಂಬಯಿ ಕರ್ನಾಟಕದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. ಕಚೇರಿಯಲ್ಲಿಯೂ ವಿದ್ಯಾವಂತರ ನಡುವೆಯೂ ಮರಾಠಿಗೆ ಮೇಲುಗೈ ಇದ್ದಿತು. ಕನ್ನಡವು ಮನೆಯ ಮಾತಾಗಿ ಉಳಿದಿತ್ತು. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ೧೮೯೦ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದು ವಾಚಕರಿಗೆ ತಿಳಿದೇ ಇದೆ. ಲಿಂಗಾಯತ ಸಮಾಜವು ಸಂಖ್ಯೆಯಲ್ಲಿ ದೊಡ್ಡದಾಗಿದ್ದರೂ ಆಧುನಿಕ ವಿದ್ಯೆಯಲ್ಲಿ ಹಿಂದಿದ್ದಿತು. ಅದಕ್ಕಿಂತ ಹೆಚ್ಚಾಗಿ, ತಾನು ಯಾರೆಂಬ ಪ್ರಶ್ನೆಗೆ ಹೊಸ ಸರಕಾರದ ಮುಂದೆ ಉತ್ತರಹೇಳಬೇಕಾದ ಸಂಕಟವು ಅದಕ್ಕೆ ಬಂದೊದಗಿತ್ತು. ಮೈಸೂರು ಸಂಸ್ಥಾನದಲ್ಲಿ ೧೮೮೧ರ ಜನಗಣತಿಯು ವೀರಶೈವರನ್ನು ಶೂದ್ರವರ್ಗದಲ್ಲಿ ಸೇರಿಸಿದುದರಿಂದ ಎದ್ದ ವಿವಾದವು ಇದಕ್ಕೆ ನಿದರ್ಶನ. ವರ್ಣವನ್ನೇ ಒಪ್ಪದ ಶರಣರ ಅನುಯಾಯಿಗಳು ಯಾವ ವರ್ಣಕ್ಕೆ ಸೇರಿದವರೆಂದು ವಾದಿಸಬೇಕಾಗಿ ಬಂದುದು ಕಾಲದ ವಿಪರ್ಯಾಸವೇ ಸರಿ.

ಈ ಸಂಕಟಕ್ಕೆ ಸಮಾಜದ ಹಿರಿಯರು ಸಂಸ್ಥೆಗಳ ಮೂಲಕ ಉತ್ತರವಿತ್ತರು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ೧೯೦೪ರಲ್ಲಿ ವೀರಶೈವ ಮಹಾಸಭೆಯೂ, ೧೯೦೯ರಲ್ಲಿ ಬದಾಮಿಯ ಸಮೀಪದಲ್ಲಿ ಶಿವಯೋಗಮಂದಿರವೂ ಸ್ಥಾಪಿತವಾದುವು. ಸಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯಾರ್ಥಿಗಳಿಗಾಗಿ ಬಿಟ್ಟು ೧೯೦೬ರಲ್ಲಿ ಕಾಲವಾದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಆರಂಭಿಸಿದರು. ಇವೆಲ್ಲವುಗಳ ನಡುವೆ ಹಳಕಟ್ಟಿಯವರು ವಿಜಾಪುರದಲ್ಲಿ ೧೯೧೦ರಲ್ಲಿ ಜಿಲ್ಲೆಯ ಲಿಂಗಾಯತ ವಿದ್ಯಾಸಂಸ್ಥೆಯನ್ನೂ, ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ನೆಲೆಗೊಳಿಸಿದರು. ಸಾಲಕ್ಕಾಗಿ ಸಾಹುಕಾರನ ಬಾಗಿಲಲ್ಲಿ ನಿಲ್ಲುವ ರೈತನಿಗೆ ಧರ್ಮೋಪದೇಶವು ರುಚಿಸದೆಂಬ ಲೋಕಾನುಭವವು ಅವರಿಗಿದ್ದಿರಬೇಕು.

೨

ಶಾಲೆಯೂ ಬ್ಯಾಂಕೂ ಇತರರೂ ಕಟ್ಟಿದರು. ಹಳಕಟ್ಟಿಯವರ ವೈಶಿಷ್ಟ್ಯವೆಂದರೆ, ಸಮಾಜಕ್ಕೆ ಕಟ್ಟಡವೊಂದೇ ಸಾಲದು, ಗ್ರಂಥವೂ ಬೇಕೆಂಬುದನ್ನು ಕಂಡುಕೊಂಡುದು. ಬಾಯಿಪಾಠದಲ್ಲಿ ಉಳಿದಿದ್ದ ನಾಲ್ಕಾರು ವಚನಗಳೂ, ಪುರಾಣಗಳಲ್ಲಿ ಬಂದ ಬಸವಾದಿಗಳ ಪವಾಡಗಳೂ ಆ ಕಾಲದ ಸಾಮಾನ್ಯ ಭಕ್ತನ ಧರ್ಮಜ್ಞಾನವಾಗಿದ್ದುವು. ಶರಣರ ಸ್ವಂತ ಮಾತುಗಳಾದರೋ ತಾಳೆಯೋಲೆಗಳಲ್ಲಿ ಅಡಗಿ, ಪೂಜೆಗೆ ಪಾತ್ರವಾಗಿ, ಓದಿಗೆ ಎರವಾಗಿದ್ದುವು. ಓಲೆಯ ಕಟ್ಟನ್ನು ಪೂಜಿಸುವವನು ಅದನ್ನು ಬಿಚ್ಚಗೊಡನು. ಬಿಚ್ಚದ ಕಟ್ಟನ್ನು ಹುಳು ಬಿಚ್ಚುವುದು.

ಕಚೇರಿಯ ಕೆಲಸದ ನಡುವೆ ಬಿಡುವುಮಾಡಿಕೊಂಡು ಹಳ್ಳಿಹಳ್ಳಿಗೆ ತಿರುಗಿ, ಮಠಾಧಿಪತಿಗಳನ್ನೂ ಗೃಹಸ್ಥರನ್ನೂ ಒಲಿಸಿ, ಓಲೆಗಳನ್ನು ಕೂಡಿಹಾಕಿ, ನಕಲುಮಾಡಿಸಿ, ಪ್ರತಿಗಳನ್ನು ತಾಳೆನೋಡಿ ಅವರು ಎರಡು ದಶಕಗಳವರೆಗೆ ದುಡಿದರು. ಅವರ ಪ್ರಯತ್ನಕ್ಕೆ ಮುನ್ನ ಹೆಸರು ತಿಳಿದಿದ್ದ ವಚನಕಾರರು ಸುಮಾರು ೫೦ ಮಂದಿ, ಅನಂತರ ೨೫೦ಕ್ಕೂ ಮೇಲ್ಪಟ್ಟರೆಂದು ಅವರ ಚರಿತ್ರಕಾರರು ಎಣಿಸಿರುವರು. ೧೯೨೫ರಲ್ಲಿ ಅವರು ‘ಹಿತಚಿಂತಕ’ವೆಂಬ ಸ್ವಂತ ಮುದ್ರಣಾಲಯವನ್ನು ತೆರೆದರು, ಇದಕ್ಕಾಗಿ ಮನೆಯನ್ನೇ ಮಾರಿದರೆಂಬುದು ಲೋಕಪ್ರಸಿದ್ಧವಾದ ಮಾತು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯೂ, ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಆರಂಭವಾದುವು. ಹರಿಹರನ ರಗಳೆಗಳೂ ಶೂನ್ಯಸಂಪಾದನೆಯೂ ಅವರ ಕೈಯಿಂದ ಬೆಳಕನ್ನು ಕಂಡುವು. ೧೯೨೬ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದುದರಿಂದ, ಒಂದು ಸಮಾಜದ ಧರ್ಮಗ್ರಂಥವೆಂದು ಎಣಿಸಲ್ಪಟ್ಟಿದ್ದುದು ಸಮಸ್ತ ಕನ್ನಡಿಗರ ಸಾಹಿತ್ಯವೆಂದು ಅಂಗೀಕೃತವಾದಂತಾಯಿತು.

೩

ಇನ್ನು ‘ಶಾಸ್ತ್ರ’ವೆಂಬ ಹೆಸರಿನ ವಿಚಾರ. ನಮ್ಮವರು ಈ ಪದವನ್ನು ಎರಡು ಬಗೆಯಾಗಿ ನಿರ್ವಚಿಸುವರು. ವಿಧಿನಿಷೇಧರೂಪವಾಗಿ ಶಾಸನಮಾಡುವುದು ಶಾಸ್ತ್ರವೆಂಬುದೊಂದು. ಇದ್ದ ವಸ್ತುವನ್ನು ಇದ್ದಂತೆ ಶಂಸನಮಾಡುವುದು, ಎಂದರೆ ತಿಳಿಯಹೇಳುವುದು, ಶಾಸ್ತ್ರವೆಂಬುದಿನ್ನೊಂದು. ಮೀಮಾಂಸಕರು ಮೊದಲನೆಯದನ್ನೂ ವೇದಾಂತಿಗಳು ಎರಡನೆಯದನ್ನೂ ಮುಂದುಮಾಡುವರು. ನಮ್ಮ ಅಧ್ಯಾಪಕರು ನಕ್ಕುದು ಮೊದಲನೆಯ ಅರ್ಥವನ್ನು ಹಿಡಿದು. ವಚನಕಾರನು ಆಜ್ಞಾಪಿಸುವುದು ಕಡಿಮೆ. ತನ್ನನ್ನೇ ತಾನು ಹಳಿದುಕೊಳ್ಳುವನು, ಬೇಡುವನು, ಕಂಡುದನ್ನು ನುಡಿಯುವನು. ಎರಡನೆಯ ಅರ್ಥವನ್ನು ಹಿಡಿದರೆ ವಚನಗಳಿಗೆ ಈ ಹೆಸರು ಸಲ್ಲದೆ ಇರದು.

ಆದರೂ ಇದರಿಂದ ಆಕ್ಷೇಪವು ಪೂರ್ಣವಾಗಿ ನಿವಾರಣೆಯಾಗದು. ವೇದಶಾಸ್ತ್ರಗಳ ಪಾಂಡಿತ್ಯವನ್ನು ಲೇವಡಿಮಾಡುವ ವಚನಗಳು ಬೇಕಾದಷ್ಟಿವೆ. ಯಾವ ಪಟ್ಟವನ್ನು ಶರಣರು ತಳ್ಳಿದರೋ ಅದನ್ನೇ ಅವರ ಮಾತಿಗೆ ಕಟ್ಟಿದುದು ಹೇಗೆ ಯುಕ್ತವೆಂದು ಕೇಳಬಹುದು. ಇದಕ್ಕೆ ಸಮಾಧಾನವನ್ನು ವ್ಯಾಕರಣದಲ್ಲಿ ಹುಡುಕುವುದಕ್ಕಿಂತ ಕಾಲದಲ್ಲಿ ಹುಡುಕುವುದು ಲೇಸು. ದತ್ತಕ ದಾಯಭಾಗಾದಿ ವ್ಯವಹಾರಗಳನ್ನು ಧರ್ಮಶಾಸ್ತ್ರಗ್ರಂಥಗಳನ್ನು ಮುಂದಿಟ್ಟುಕೊಂಡು ತೀರ್ಮಾನಿಸುತ್ತಿದ್ದ ನ್ಯಾಯಾಸ್ಥಾನಗಳಲ್ಲಿ ಹಳಕಟ್ಟಿಯವರು ನಿತ್ಯವೂ ನಿಲ್ಲುತ್ತಿದ್ದರು. ಅಲ್ಲಿ ಗ್ರಂಥವುಳ್ಳ ಸಮಾಜಕ್ಕೆ ಬಾಯಿ ಇದ್ದಿತು. ಗ್ರಂಥವಿಲ್ಲದ ಸಮಾಜದ ಪರವಾಗಿ ಇತರರ ಗ್ರಂಥಗಳು ಮಾತನಾಡುತ್ತಿದ್ದುವು. ‘ನಿಮ್ಮ ಶಾಸ್ತ್ರವಾವುದು?’ ಎಂಬ ಪ್ರಶ್ನೆಗೆ, ‘ಇಗೋ, ಕನ್ನಡದಲ್ಲಿದೆ’ ಎಂದು ಕೊಟ್ಟ ಉತ್ತರವೇ ‘ವಚನಶಾಸ್ತ್ರ’ವೆಂಬ ಹೆಸರೆಂದು ನಮ್ಮ ಊಹೆ. ಸಂಸ್ಕೃತದಲ್ಲಿಯೂ ವೀರಶೈವರಿಗೆ ಸಿದ್ಧಾಂತಶಿಖಾಮಣಿ, ಶ್ರೀಕರಭಾಷ್ಯ ಮೊದಲಾದ ಗ್ರಂಥಗಳಿದ್ದುವು. ಆದರೆ ಇವರು ಶಾಸ್ತ್ರವೆಂಬ ಮಾನವನ್ನು ದೇಶಭಾಷೆಯ ಗದ್ಯಕ್ಕೆ, ಅಂಬಿಗನೂ ಕಾಯಕದ ಹೆಣ್ಣುಮಗಳೂ ಆಡಿದ ಮಾತಿಗೆ, ಸಲ್ಲಿಸಿದರು. ಪಾಠಶಾಲೆಯಲ್ಲಿ ಬೆಳೆದ ನಮ್ಮಂಥವರಿಗೆ ಇದರ ಧೈರ್ಯವು ತಡವಾಗಿ ತಿಳಿಯುವುದು.

೪

ಹೆಸರಿನಂತೆ ಗ್ರಂಥದ ಅಡಕವೂ ವಿಚಾರಾರ್ಹವಾಗಿದೆ. ಹಳಕಟ್ಟಿಯವರು ವಚನಗಳನ್ನು ಕರ್ತೃಕ್ರಮದಲ್ಲಿ ಜೋಡಿಸದೆ ವಿಷಯಕ್ರಮದಲ್ಲಿ, ಷಟ್‌ಸ್ಥಲಾದಿ ತತ್ತ್ವಗಳ ಶೀರ್ಷಿಕೆಗಳಡಿಯಲ್ಲಿ ಜೋಡಿಸಿದರು. ಇದು ಅವರ ಹೊಸ ಕಲ್ಪನೆಯಲ್ಲ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿಯೇ (೧೪೨೪-೧೪೪೬) ಜಕ್ಕಣಾರ್ಯನು ನೂರೊಂದು ಸ್ಥಲಗಳಿಗೆ ಅನುಗುಣವಾಗಿ ವಚನಗಳನ್ನು ಹೊಂದಿಸಿದನು. ಆ ಮೇಲೆ ಶೂನ್ಯಸಂಪಾದನಕಾರರು ಅವುಗಳನ್ನು ಸಂವಾದರೂಪದಲ್ಲಿ ಹೆಣೆದರು. ಕಲ್ಯಾಣದ ಕ್ರಾಂತಿಯ ಬಳಿಕ ಚದುರಿದ ಸಮಾಜವನ್ನು ಆ ೧೫ನೆಯ ಶತಮಾನದವರು ಗ್ರಂಥಗಳ ಸುತ್ತ ಮತ್ತೆ ಕೂಡಿಸಿದಂತೆ, ೨೦ನೆಯ ಶತಮಾನದಲ್ಲಿ ಇವರು ಕೂಡಿಸಿದರು. ಅಲ್ಲಿ ಓಲೆ ಕಂಠಗಳಿದ್ದುವು, ಇಲ್ಲಿ ಅಚ್ಚಿನ ಮೊಳೆಗಳು ಬಂದುವು.

ಈ ಕ್ರಮದಿಂದಾದ ಲಾಭವು ದೊಡ್ಡದು. ಒಂದೇ ತತ್ತ್ವದ ಕೆಳಗೆ ಮಂತ್ರಿಪದವಿಯಲ್ಲಿದ್ದ ಬಸವಣ್ಣನವರ ಮಾತೂ ಇತರ ಕಾಯಕದ ಶರಣರ ಮಾತೂ ಸಮಾನವಾಗಿ ಒಂದೇ ಸಾಲಿನಲ್ಲಿ ನಿಂತುವು. ಅನುಭವಮಂಟಪದ ಪಂಕ್ತಿಯು ಪುಟದ ಮೇಲೆ ಮತ್ತೆ ಕುಳಿತಂತಾಯಿತು. ಚದುರಿದ ಮಾತುಗಳಲ್ಲಿ ಒಂದು ದರ್ಶನವಿದೆಯೆಂಬುದು ಪರಕೀಯರಿಗೂ ವೇದ್ಯವಾಯಿತು.

ನಷ್ಟವನ್ನೂ ಮುಚ್ಚಿಡತಕ್ಕುದಲ್ಲ. ವಿಷಯಕ್ರಮದಲ್ಲಿ ಒಬ್ಬೊಬ್ಬ ವಚನಕಾರನ ಮನಸ್ಸಿನ ಬೆಳವಣಿಗೆಯು ಕಾಣದು. ಅಕ್ಕನ ಅಳಲೂ ಅಲ್ಲಮನ ಬೆಡಗೂ ತತ್ತ್ವದ ಉದಾಹರಣೆಗಳಾಗಿ ಕುಳಿತಾಗ, ಅಂಕಿತವೊಂದೇ ಅವರವರ ಗುರುತಾಗಿ ಉಳಿಯುವುದು. ಯಾವ ವಚನವು ಯಾವ ಪ್ರತಿಯಿಂದ ಬಂದಿತು, ಯಾವುದು ೧೨ನೆಯ ಶತಮಾನದ್ದು, ಯಾವುದು ಬಳಿಕ ಸೇರಿದ್ದು ಎಂಬ ವಿವೇಚನೆಯು ಇಂಥ ಸಂಕಲನದಲ್ಲಿ ಹಿಂದೆ ಬೀಳುವುದು ಸಹಜ. ಸಮಾಜಕ್ಕೆ ಬೇಕಾದುದು ಏಕವಾಕ್ಯತೆ. ಸಂಶೋಧಕನಿಗೆ ಬೇಕಾದುದು ಪಾಠಭೇದ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದವನು ಒಂದನ್ನು ಕೊಂಚ ಸಡಿಲಬಿಡಬೇಕಾಗುವುದು. ಹಳಕಟ್ಟಿಯವರು ಸಡಿಲಬಿಟ್ಟುದು ಎರಡನೆಯದನ್ನು. ಮನೆಗೆ ಬೆಂಕಿ ಬಿದ್ದಾಗ ಪಾತ್ರೆಗಳನ್ನು ಹೊರಗೆ ಸಾಗಿಸುವವನು ಅವುಗಳನ್ನು ತೂಗಿನೋಡುತ್ತ ನಿಲ್ಲನು. ತೂಗುವ ಕೆಲಸವು ಬಂದವರದು.

ಆ ಕೆಲಸವನ್ನು ಬಂದವರು ಮಾಡಿದರು. ಶಿ. ಶಿ. ಬಸವನಾಳ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ಒಬ್ಬೊಬ್ಬ ವಚನಕಾರನ ಪಾಠವನ್ನು ಶೋಧಿಸಿದರು. ೧೯೯೩ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ವನ್ನು ೧೫ ಸಂಪುಟಗಳಲ್ಲಿ ಪ್ರಕಟಿಸಿತು. ಅಲ್ಲಿ ಬಸವಣ್ಣನವರಿಗೆ, ಅಲ್ಲಮಪ್ರಭುವಿಗೆ, ಚೆನ್ನಬಸವಣ್ಣನವರಿಗೆ, ಶಿವಶರಣೆಯರಿಗೆ ಬೇರೆಬೇರೆ ಸಂಪುಟಗಳು ಮೀಸಲಾದುವು. ಆ ಮಾಲೆಯ ಹೆಸರಿನಲ್ಲಿ ‘ಶಾಸ್ತ್ರ’ಪದವಿಲ್ಲ. ವಚನವು ವಚನವಾಗಿಯೇ ಮಾನ್ಯವಾದ ಮೇಲೆ ಅದಕ್ಕೆ ಬೇರೊಂದು ಪದದ ಊರುಗೋಲು ಬೇಕಾಗಲಿಲ್ಲವೆಂದು ಇದನ್ನು ಅರ್ಥಮಾಡಬಹುದು.

೫

ಒಂದು ಸಂಗತಿಯನ್ನು ಹೇಳಿ ಮುಗಿಸುವೆವು. ಹಳಕಟ್ಟಿಯವರು ೧೯೨೩ರಲ್ಲಿ ಗ್ರಂಥಕ್ಕೆ ‘ಶಾಸ್ತ್ರ’ವೆಂದು ಹೆಸರಿಟ್ಟರು, ೧೯೨೬ರಲ್ಲಿ ಪತ್ರಿಕೆಗೆ ‘ಅನುಭವ’ವೆಂದು ಹೆಸರಿಟ್ಟರು. ಮೊದಲನೆಯದು ಪಂಡಿತರಿಂದಲೂ ನ್ಯಾಯಾಸ್ಥಾನದಿಂದಲೂ ಎರವು ತಂದ ಪದ. ಎರಡನೆಯದು ಶರಣರ ಮನೆಯ ಪದ. ಈ ಎರಡು ಹೆಸರುಗಳನ್ನು ಕೂಡಿಸಿ ಓದಿದವನಿಗೆ ಅವರ ಜೀವಿತದ ಧೋರಣೆಯು ತಿಳಿಯುವುದು. ಹೊರಗಿನವರ ಮುಂದೆ ಸಮಾಜವು ತಲೆಯೆತ್ತಿ ನಿಲ್ಲುವುದಕ್ಕೆ ಶಾಸ್ತ್ರವೆಂಬ ಮಾತು ಬೇಕು. ಒಳಗಿನವರು ಜಡರಾಗದಿರುವುದಕ್ಕೆ ಅನುಭವವೆಂಬ ಮಾತು ಬೇಕು. ಮೊದಲನೆಯದನ್ನೇ ಹಿಡಿದ ಸಮಾಜವು ಪುಸ್ತಕವನ್ನು ಪೂಜಿಸಿ ಮತ್ತೆ ಗಂಟುಕಟ್ಟುವುದು.

ಈಗ ವಚನಗಳನ್ನು ಪಾಠಹೇಳುವ ಅಧ್ಯಾಪಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಶೋಧಿತವಾದ ಹೊಸ ಆವೃತ್ತಿಗಳನ್ನೇ ಪಾಠಕ್ಕೆ ಇಟ್ಟುಕೊಳ್ಳಲಿ; ಆದರೆ ಒಮ್ಮೆಯಾದರೂ ವಿದ್ಯಾರ್ಥಿಗಳ ಕೈಗೆ ‘ವಚನಶಾಸ್ತ್ರಸಾರ’ದ ಹಳೆಯ ಪ್ರತಿಯನ್ನು ಕೊಟ್ಟು, ಈ ನಡುವಿನ ಪದವು ಏಕೆ ಬಂದಿತೆಂದು ಕೇಳಲಿ. ನಮ್ಮ ಅಧ್ಯಾಪಕರು ನಗುತ್ತ ಕೇಳಿದ ಆ ಪ್ರಶ್ನೆಯನ್ನು ನಗದೆ ಕೇಳಿದರೆ, ಒಬ್ಬ ವಕೀಲನು ತನ್ನ ಜನರಿಗಾಗಿ ಹೂಡಿದ ಅತ್ಯಂತ ದೊಡ್ಡ ವಾದವು ಅದರ ಉತ್ತರವಾಗಿ ದೊರೆಯುವುದು.